ಮನೆಯ ಸೌರ ವಿದ್ಯುತ್ತಿಗೆ ಬ್ಯಾಟರಿ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ



ಗೊಬ್ಬರ ಒಯ್ಯಲು, ಅಡಿಕೆ ತೂಕಕ್ಕೆ ಹಾಕಲು ಸಂಘಕ್ಕೆ ಬರುವವರು ಈಚೆಗೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಮನೆ ಮೇಲೆ ಸೋಲಾರ್ ಹಾಕಿಸೋಣ ಅಂತಿದ್ದೀವಿ. ಜೊತೆಗೆ ಬ್ಯಾಟರೀನೂ ಬೇಕಾ, ಬೇಡ್ವಾ?" ಬೇಕು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಇದು ಪ್ರತಿಯೊಬ್ಬರೂ ತಮ್ಮ ಮನೆಯ ಮಟ್ಟಿಗೆ ಮಾಡಿಕೊಳ್ಳಬೇಕಾದ ಒಂದು ಲೆಕ್ಕ. ಲೆಕ್ಕ ಮಾಡದೆ ಕೊಂಡು ಕೈ ಸುಟ್ಟುಕೊಂಡವರಲ್ಲಿ ನಾವೂ ಸೇರಿದ್ದೇವೆ. ಆದುದರಿಂದ ಈ ಸಂಚಿಕೆಯ ಪಾಠವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಕನ್ನಂಬಾಡಿಯಿಂದ ಕಲಿಯುವುದು

ಬ್ಯಾಟರಿ ಎಂದರೇನು ಎಂಬುದನ್ನು ತಿಳಿಯಲು ನಮ್ಮ ಭಾಗದವರು ದೂರ ಹೋಗಬೇಕಾಗಿಲ್ಲ. ತಿ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ, ತಲಕಾಡನ್ನು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮಳೆಗಾಲದಲ್ಲಿ ಎಲ್ಲವೂ ಸರಿಯಾಗಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಯಂತ್ರ ತಿರುಗಲು ನೀರು ಸಾಲದಾಯಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆ ಕೆಲಸ ಆರಂಭವಾದದ್ದಕ್ಕೆ ನೀರಾವರಿಯಷ್ಟೇ ಮುಖ್ಯವಾದ ಇನ್ನೊಂದು ಕಾರಣ ಇದು: ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮನೆ ನೀರು ಬಿಡಬೇಕಿತ್ತು.

ಎಂದರೆ ಕನ್ನಂಬಾಡಿ ಕಟ್ಟೆ ಶಿವನಸಮುದ್ರದ ಬ್ಯಾಟರಿಯಾಯಿತು. ಕಟ್ಟೆ ತಾನಾಗಿ ಒಂದು ಹನಿ ನೀರನ್ನೂ ಹುಟ್ಟಿಸುವುದಿಲ್ಲ. ಬಂದಾಗ ಹಿಡಿದಿಟ್ಟು, ಬೇಕಾದಾಗ ಬಿಡುತ್ತದೆ. ಬ್ಯಾಟರಿಯೂ ಹಾಗೆಯೇ. ದಿನಪತ್ರಿಕೆಯಲ್ಲಿ ನಾವು ದಿನವೂ ಓದುವ ಒಳಹರಿವು, ಹೊರಹರಿವು, ನೀರಿನ ಮಟ್ಟ ಎಂಬ ಮೂರು ಮಾತು ಗೊತ್ತಿದ್ದರೆ ಬ್ಯಾಟರಿಯ ಮುಕ್ಕಾಲು ಪಾಠ ಮುಗಿದಂತೆ. ಒಳಹರಿವು ಸೌರ ಫಲಕದ್ದು. ಹೊರಹರಿವು ನಮ್ಮ ದೀಪ, ಫ್ಯಾನುಗಳದ್ದು. ಕಟ್ಟೆಯ ತಳದಲ್ಲಿ ಬಳಕೆಗೆ ಸಿಗದ ನೀರು ಇರುವಂತೆ ಬ್ಯಾಟರಿಯ ತಳದಲ್ಲೂ ನಾವು ಮುಟ್ಟಬಾರದ ಒಂದು ಭಾಗ ಇದೆ. ಅದನ್ನು ಮರೆತವರ ಬ್ಯಾಟರಿ ಬೇಗ ಸಾಯುತ್ತದೆ.

ತಾರಸಿಯ ಮೇಲೆ ಫಲಕ, ಮನೆಯೊಳಗೆ ಕತ್ತಲೆ

ಮೊದಲು ನಮ್ಮದೇ ಕಥೆ ಹೇಳುತ್ತೇವೆ. ಕಬಿನಿ ನಾಲೆಯ ಪಕ್ಕದ ನಮ್ಮ ತೋಟದ ಮನೆಗೆ ಕೆಲವು ವರ್ಷಗಳ ಹಿಂದೆ ಸೌರ ಫಲಕ ಹಾಕಿಸಿದೆವು. ಇನ್ನು ಕರೆಂಟಿನ ಗೊಡವೆ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದೆವು. ಮುಂಗಾರು ಪೂರ್ವದ ಮೊದಲ ಗಾಳಿಮಳೆಗೆ ಲೈನು ಹೋಯಿತು. ಮನೆಯೂ ಕತ್ತಲಾಯಿತು. ಮರುದಿನ ಬೆಳಗ್ಗೆ ಚೆನ್ನಾಗಿ ಬಿಸಿಲು ಬಂದರೂ ಒಂದು ಬಲ್ಬು ಸಹ ಹತ್ತಲಿಲ್ಲ. ಆ ಸಂಜೆ ಪಕ್ಕದ ತೋಟದ ಹಿರಿಯರು ಬಾಗಿಲಲ್ಲಿ ನಿಂತು, "ಏನಪ್ಪಾ, ಮನೆ ಮೇಲೆ ಅಷ್ಟು ದೊಡ್ಡ ಸೋಲಾರು, ಒಳಗೆ ನೋಡಿದ್ರೆ ಮೇಣದ ಬತ್ತಿ ಉರೀತಾ ಕೂತದೆ?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಮಾರಿದವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಕಾರಣ ಇಷ್ಟೆ. ಲೈನಿಗೆ ಜೋಡಿಸಿದ ಸಾಧಾರಣ ಸೌರ ಇನ್ವರ್ಟರು, ಲೈನಿನಲ್ಲಿ ಕರೆಂಟು ಹೋದ ಕೂಡಲೆ ತಾನೂ ನಿಲ್ಲುವಂತೆ ಮಾಡಲ್ಪಟ್ಟಿರುತ್ತದೆ. ಇದು ದೋಷವಲ್ಲ, ಕಾನೂನು. ಕಂಬದ ಮೇಲೆ ಲೈನ್‌ಮ್ಯಾನ್ ಹತ್ತಿ ತಂತಿ ಸರಿಮಾಡುತ್ತಿರುವಾಗ ನಮ್ಮ ತಾರಸಿಯಿಂದ ಹಿಮ್ಮುಖವಾಗಿ ವಿದ್ಯುತ್ತು ಹರಿದರೆ ಆತನ ಪ್ರಾಣ ಹೋಗುತ್ತದೆ. ಈ ಏರ್ಪಾಡನ್ನು ತಪ್ಪಿಸಲು ಯಾರಾದರೂ ಉಪಾಯ ಹೇಳಿಕೊಟ್ಟರೆ ಅಂಥವರನ್ನು ಮನೆಯೊಳಗೆ ಸೇರಿಸಬೇಡಿ.

ಸೌರ ಏರ್ಪಾಡುಗಳಲ್ಲಿ ಮೂರು ಬಗೆ ಇವೆ ಎಂಬುದನ್ನು ಗುರುತಿಟ್ಟುಕೊಳ್ಳಬೇಕು.

1. ಲೈನಿಗೆ ಜೋಡಿಸಿದ್ದು. ಹಗಲಿನಲ್ಲಿ ಉತ್ಪತ್ತಿಯಾದದ್ದು ಮನೆಗೆ, ಹೆಚ್ಚಾದದ್ದು ನೆಟ್ ಮೀಟರಿನ ಮೂಲಕ ಲೈನಿಗೆ. ಬ್ಯಾಟರಿ ಇಲ್ಲ. ಲೈನು ಹೋದರೆ ಇದೂ ಹೋಯಿತು.

2. ಲೈನಿಗೆ ಸಂಬಂಧವಿಲ್ಲದ್ದು. ಫಲಕ, ಬ್ಯಾಟರಿ, ಇನ್ವರ್ಟರು ಮಾತ್ರ. ಕಂಬ ತಲುಪದ ತೋಟದ ಮನೆಗೆ ಯೋಗ್ಯ.

3. ಹೈಬ್ರಿಡ್. ಲೈನು, ಫಲಕ, ಬ್ಯಾಟರಿ ಮೂರನ್ನೂ ಒಂದೇ ಯಂತ್ರ ನೋಡಿಕೊಳ್ಳುತ್ತದೆ. ಲೈನು ಹೋದಾಗ ಮನೆಯನ್ನು ಲೈನಿನಿಂದ ಬೇರ್ಪಡಿಸಿ, ನಾವು ಮೊದಲೇ ಆರಿಸಿಟ್ಟ ಕೆಲವು ದೀಪ, ಫ್ಯಾನುಗಳಿಗೆ ಮಾತ್ರ ವಿದ್ಯುತ್ತು ಕೊಡುತ್ತದೆ.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರದ ಸಹಾಯಧನ 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಈ ಹಣ ಲೈನಿಗೆ ಜೋಡಿಸಿದ ಫಲಕಗಳ ಸಾಮರ್ಥ್ಯದ ಮೇಲೆ ಬರುವಂಥದು, ಬ್ಯಾಟರಿಯ ಮೇಲಲ್ಲ. ಬ್ಯಾಟರಿಯ ಹಣ ನಮ್ಮ ಜೇಬಿನದು. ಆದುದರಿಂದಲೇ ಲೆಕ್ಕ ಬೇಕು.

ಬಿಲ್ಲಿಗೋ, ಕತ್ತಲೆಗೋ?

ಬ್ಯಾಟರಿ ಹಾಕಿಸಿದರೆ ಬಿಲ್ಲು ಉಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಇದನ್ನು ಪರೀಕ್ಷೆ ಮಾಡೋಣ.

12 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಒಂದನ್ನು ತೆಗೆದುಕೊಳ್ಳಿ. ಎರಡನ್ನೂ ಗುಣಿಸಿದರೆ 1,800 ವಾಟ್-ಗಂಟೆ, ಅಂದರೆ 1.8 ಯೂನಿಟ್. ಇದರಲ್ಲಿ ಅರ್ಧವನ್ನು ಮಾತ್ರ ಬಳಸಬೇಕು, ಉಳಿದರ್ಧ ಮುಟ್ಟಬಾರದ ತಳ. ಬಳಕೆಗೆ ಸಿಕ್ಕಿದ್ದು 0.9 ಯೂನಿಟ್. ಹೀಗೆ ಮಿತವಾಗಿ ಬಳಸಿದರೆ ಅದು ಸುಮಾರು 1,200 ಸಲ ತುಂಬಿ ಖಾಲಿಯಾಗುವವರೆಗೆ ಬಾಳಿತು ಎನ್ನೋಣ. ಒಟ್ಟು 1,080 ಯೂನಿಟ್. ಬ್ಯಾಟರಿಯ ಬೆಲೆ 15,000 ರೂಪಾಯಿ ಎಂದಿಟ್ಟುಕೊಂಡರೆ, ಕೂಡಿಟ್ಟ ಒಂದೊಂದು ಯೂನಿಟ್ಟಿಗೆ ತಗಲಿದ ಖರ್ಚು ಸುಮಾರು 14 ರೂಪಾಯಿ. ಫಲಕದ ಖರ್ಚು ಇದರಲ್ಲಿ ಸೇರಿಲ್ಲ.

ಲಿಥಿಯಂ ಬ್ಯಾಟರಿಯ ಲೆಕ್ಕ ಇದಕ್ಕಿಂತ ಮೇಲು. 1.5 ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಶೇಕಡ 85ರಷ್ಟನ್ನು ನಿರ್ಭಯವಾಗಿ ಬಳಸಬಹುದು. 3,000 ಸಲ ತುಂಬಿ ಖಾಲಿಯಾಗುವುದೆಂದರೆ ಸುಮಾರು 3,800 ಯೂನಿಟ್. ಬೆಲೆ 30,000 ಎಂದರೆ ಯೂನಿಟ್ಟಿಗೆ ಹತ್ತಿರ ಹತ್ತಿರ 8 ರೂಪಾಯಿ. ನಾವು ಇಲ್ಲಿ ಹಿಡಿದಿರುವ ಬೆಲೆಗಳು ಲೆಕ್ಕದ ಅನುಕೂಲಕ್ಕಾಗಿ ಮಾತ್ರ. ನಿಮ್ಮ ಪೇಟೆಯ ದರ ಕೇಳಿ ಅದೇ ಜಾಗದಲ್ಲಿ ಇಟ್ಟು ನೋಡಿ.

ಲೈನಿನ ವಿದ್ಯುತ್ತಿಗೆ ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೂ ಎರಡು ಬ್ಯಾಟರಿಗಳೂ ಅದಕ್ಕಿಂತ ದುಬಾರಿಯೇ. ಅಷ್ಟೇ ಅಲ್ಲ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದಷ್ಟು ಯೂನಿಟ್, 200ರ ಮಿತಿಯೊಳಗೆ, ಉಚಿತವೆಂದಾಯಿತು. ಈಗಾಗಲೇ ಸೊನ್ನೆ ಬಿಲ್ಲು ಬರುತ್ತಿರುವ ಮನೆಯಲ್ಲಿ ಬ್ಯಾಟರಿ ಉಳಿಸುವ ಬಿಲ್ಲೂ ಸೊನ್ನೆಯೇ.

ಹಾಗಾದರೆ ಬ್ಯಾಟರಿ ಬೇಡವೆ? ಬೇಕು. ಆದರೆ ಬೇರೆ ಕಾರಣಕ್ಕೆ. ನಮ್ಮ ಸದಸ್ಯರಲ್ಲಿ ತೋಟದ ಮನೆಯಲ್ಲಿ ವಾಸಿಸುವವರು ಬಹಳ ಮಂದಿ. ಊರೊಳಗಿನ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಬೇರೆ ಬೇರೆ ಲೈನು ಆದ ಮೇಲೆ, ಪಂಪ್‌ಸೆಟ್ ಲೈನಿನಲ್ಲಿ ಉಳಿದ ತೋಟದ ಮನೆಗಳಿಗೆ ಊರಿನ ಮನೆಗಳಂತೆ ದಿನವಿಡೀ ಕರೆಂಟು ಸಿಗುವುದಿಲ್ಲ. ಆ ಕತ್ತಲೆ ಏನೆಂಬುದನ್ನು ತಿ. ನರಸೀಪುರ ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಆ ತಾಲ್ಲೂಕಿನಲ್ಲಿ ಚಿರತೆಯ ಬಾಯಿಗೆ ನಾಲ್ವರು ಬಲಿಯಾದರು. ಅವರಲ್ಲಿ ಒಬ್ಬ ಪುಟ್ಟ ಹುಡುಗನೂ ಇದ್ದ. ಸಂಜೆಯಾದ ಮೇಲೆ ಅಂಗಳಕ್ಕೆ, ಕೊಟ್ಟಿಗೆಗೆ, ಬಚ್ಚಲಿಗೆ ಹೋಗಿ ಬರುವ ಹಾದಿಯಲ್ಲಿ ಒಂದು ದೀಪ ಉರಿಯುತ್ತಿದ್ದರೆ ಎದುರಿಗೆ ಏನಿದೆ ಎಂಬುದಾದರೂ ಕಾಣುತ್ತದೆ. ಆ ದೀಪದ ಬೆಲೆಯನ್ನು ಯೂನಿಟ್ಟಿಗೆ 8 ರೂಪಾಯಿಯೋ 14 ರೂಪಾಯಿಯೋ ಎಂದು ನೋಡಲಾಗುವುದಿಲ್ಲ.

ಆದುದರಿಂದ ಈ ಪಾಠದ ಮುಖ್ಯ ಮಾತು ಇದು: ಬ್ಯಾಟರಿಯನ್ನು ಬಿಲ್ಲಿಗಾಗಿ ಕೊಳ್ಳಬೇಡಿ, ಕತ್ತಲೆಗಾಗಿ ಕೊಳ್ಳಿ. ಕತ್ತಲೆ ಎಷ್ಟಿದೆಯೋ ಅಷ್ಟೇ ದೊಡ್ಡದನ್ನು ಕೊಳ್ಳಿ.

ರಾತ್ರಿಯ ಲೆಕ್ಕ

ಒಂದು ತೋಟದ ಮನೆಯ ಇಡೀ ರಾತ್ರಿಯ ಅಗತ್ಯವನ್ನು ಬರೆದು ನೋಡೋಣ. ಬಲ್ಬಿನ ಮೇಲೆ, ಫ್ಯಾನಿನ ಪೆಟ್ಟಿಗೆಯ ಮೇಲೆ ವಾಟ್ ಎಷ್ಟೆಂದು ಬರೆದಿರುತ್ತದೆ. ಅದನ್ನು ಉರಿಯುವ ಗಂಟೆಗಳಿಂದ ಗುಣಿಸಬೇಕು, ಅಷ್ಟೆ.

ಅಂಗಳದ ದೀಪ ಒಂದು, 10 ವಾಟ್, 12 ಗಂಟೆ: 120.
ಮನೆಯೊಳಗೆ ಎಲ್‌ಇಡಿ ಬಲ್ಬು ಐದು, ತಲಾ 9 ವಾಟ್, 4 ಗಂಟೆ: 180.
ಹಳೆಯ ಬಗೆಯ ಫ್ಯಾನು ಎರಡು, ತಲಾ 75 ವಾಟ್, 8 ಗಂಟೆ: 1,200.
ಟಿ.ವಿ., 60 ವಾಟ್, 3 ಗಂಟೆ: 180.
ಫೋನುಗಳು ಮತ್ತು ಇಂಟರ್‌ನೆಟ್ ಪೆಟ್ಟಿಗೆ, 20 ವಾಟ್, 6 ಗಂಟೆ: 120.

ಒಟ್ಟು 1,800 ವಾಟ್-ಗಂಟೆ. ಇನ್ವರ್ಟರಿನಲ್ಲಿ ಸೋರಿಹೋಗುವ ಶೇಕಡ 15ನ್ನು ಸೇರಿಸಿಕೊಂಡರೆ ಬ್ಯಾಟರಿಯಿಂದ ಸುಮಾರು 2,120 ಹೊರಬರಬೇಕು. ಸೀಸದ ಬ್ಯಾಟರಿಯಾದರೆ ಇದರ ಎರಡು ಪಟ್ಟು, 4,240 ಹಿಡಿಯುವಂಥದು ಬೇಕು. ಅಂದರೆ 180 ಆಂಪಿಯರ್-ಗಂಟೆಯ ಬ್ಯಾಟರಿ ಎರಡು.

ಈಗ ಎರಡು ಫ್ಯಾನುಗಳನ್ನು ಮಾತ್ರ ಬದಲಾಯಿಸೋಣ. ಬಿಎಲ್‌ಡಿಸಿ ಎಂದು ಮಾರುವ ಹೊಸ ಬಗೆಯ ಫ್ಯಾನು ಸುಮಾರು 30 ವಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಎರಡಕ್ಕೆ ಎಂಟು ಗಂಟೆಗೆ 480. ಒಟ್ಟು ಅಗತ್ಯ 1,800ರಿಂದ 1,080ಕ್ಕೆ ಇಳಿಯಿತು. ಸೋರಿಕೆ ಸೇರಿ 1,270. ಈಗ 220 ಆಂಪಿಯರ್-ಗಂಟೆಯ ಒಂದೇ ಸೀಸದ ಬ್ಯಾಟರಿ ಸಾಕು, ಅಥವಾ ಒಂದೂವರೆ ಯೂನಿಟ್ಟಿನ ಒಂದು ಲಿಥಿಯಂ ಬ್ಯಾಟರಿ. ಎರಡು ಫ್ಯಾನು ಬದಲಾಯಿಸಿದ್ದಕ್ಕೆ ಒಂದು ಬ್ಯಾಟರಿಯೇ ಉಳಿಯಿತು. ಮೊದಲು ಖರ್ಚು ಇಳಿಸು, ಆಮೇಲೆ ಕಣಜ ಕಟ್ಟು ಎಂಬುದು ಇಲ್ಲಿಯೂ ಸತ್ಯ.

ಇದನ್ನು ತುಂಬಲು ಎಷ್ಟು ಫಲಕ ಬೇಕು? ನಮ್ಮ ಭಾಗದಲ್ಲಿ 1 ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅರ್ಧ ಕಿಲೋವಾಟ್ ಫಲಕದಿಂದ ಬಿಸಿಲಿನ ದಿನ 2 ಯೂನಿಟ್ ಬರುತ್ತದೆ. ಮೇಲಿನ ರಾತ್ರಿಗೆ ಇದು ಸಾಕು. ಮೋಡ ಕವಿದ ದಿನ ಅರ್ಧಕ್ಕೂ ಇಳಿಯಬಹುದಾದ್ದರಿಂದ, ಲೈನಿನಿಂದಲೂ ತುಂಬಿಸಿಕೊಳ್ಳುವ ಅನುಕೂಲ ಇರಬೇಕು.

ನೆರಳಿನ ವಿಷಯದಲ್ಲಿ ತೋಟದವರು ವಿಶೇಷವಾಗಿ ಎಚ್ಚರವಿರಬೇಕು. ಒಂದು ತೆಂಗಿನ ಗರಿಯ ನೆರಳು ಒಂದು ಮೂಲೆಗೆ ಬಿದ್ದರೂ ಅದರ ಜೊತೆ ಜೋಡಿಸಿದ ಫಲಕಗಳ ಉತ್ಪತ್ತಿಯೂ ಕುಗ್ಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ, ಫಲಕಕ್ಕಿಂತ 10 ಮೀಟರ್ ಎತ್ತರ ಬೆಳೆದ ಅಡಿಕೆ ಮರದ ನೆರಳು ನಡುಮಧ್ಯಾಹ್ನವೇ ಉತ್ತರಕ್ಕೆ ಸುಮಾರು 7 ಮೀಟರ್ ಚಾಚುತ್ತದೆ. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಆದುದರಿಂದ ಫಲಕ ಕೂರಿಸುವ ಜಾಗವನ್ನು ಡಿಸೆಂಬರಿನ ನೆರಳು ನೋಡಿ ಗೊತ್ತುಮಾಡಬೇಕು. ಫಲಕ ದಕ್ಷಿಣಕ್ಕೆ ಮುಖಮಾಡಿ ಸುಮಾರು 12 ಡಿಗ್ರಿ ಓರೆಯಾಗಿರಲಿ.

ಹಗಲಿನ ಕೆಲಸ ಹಗಲಿಗೆ

ಸ್ಮಾರ್ಟ್ ನಿರ್ವಹಣೆ ಎಂದು ಜಾಹೀರಾತುಗಳಲ್ಲಿ ಬರುವ ಮಾತನ್ನು ಕೇಳಿ ಹೆದರಬೇಕಾಗಿಲ್ಲ. ನಮ್ಮ ಹಿರಿಯರು ನಾಲೆಗೆ ನೀರು ಬಿಟ್ಟ ದಿನವೇ ಗದ್ದೆಗೆ ಹಾಯಿಸಿದಂತೆ, ಬಿಸಿಲಿರುವಾಗಲೇ ಕೆಲಸ ಮುಗಿಸುವುದೇ ಅದರ ತಿರುಳು. ಹಗಲಲ್ಲಿ ನೇರವಾಗಿ ಬಳಸಿದ ಯೂನಿಟ್ಟಿಗೆ ಬ್ಯಾಟರಿಯ ಸವೆತವಿಲ್ಲ, ಸೋರಿಕೆಯೂ ಕಡಿಮೆ.

ಮನೆಯ ಮೇಲಿನ ನೀರಿನ ತೊಟ್ಟಿಯನ್ನು ಹತ್ತರಿಂದ ಎರಡು ಗಂಟೆಯೊಳಗೆ ತುಂಬಿಸಿ. ತುಂಬಿದ ತೊಟ್ಟಿಯೂ ಒಂದು ಬ್ಯಾಟರಿಯೇ, ರಾತ್ರಿ ಪಂಪು ಹಾಕುವ ಪ್ರಮೇಯ ಬರುವುದಿಲ್ಲ. ರುಬ್ಬುವುದು, ಇಸ್ತ್ರಿ, ಬಟ್ಟೆ ಒಗೆಯುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಎಲ್ಲವೂ ಆ ಹೊತ್ತಿನವೇ. ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಇರುವಾಗ ಗೀಸರನ್ನು ಬ್ಯಾಟರಿಗೆ ಹಚ್ಚುವುದು ಶುದ್ಧ ದಂಡ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಕರೆಂಟು ಹೋದ ಮೇಲೂ ಮೂರು ನಾಲ್ಕು ಗಂಟೆ ತಂಪು ಉಳಿಯುತ್ತದೆ.

ಕೊಳವೆ ಬಾವಿಯ ಪಂಪನ್ನು ಮನೆಯ ಬ್ಯಾಟರಿಗೆ ಎಂದೂ ಜೋಡಿಸಬಾರದು. 3 ಎಚ್.ಪಿ. ಪಂಪು 2.2 ಕಿಲೋವಾಟ್‌ಗೂ ಮಿಗಿಲಾಗಿ ಎಳೆಯುತ್ತದೆ. ಹೊರಡುವಾಗ ಅದರ ಹಲವು ಪಟ್ಟು ಕೇಳುತ್ತದೆ. ಒಂದು ರಾತ್ರಿಯ ದೀಪ, ಫ್ಯಾನಿಗೆ ಸಾಲುವ ಬ್ಯಾಟರಿ ಪಂಪಿಗೆ ಅರ್ಧ ಗಂಟೆಯೂ ಬರುವುದಿಲ್ಲ. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಇನ್ವರ್ಟರಿನ ಸಾಮರ್ಥ್ಯ ಎಂದರೆ ಕೊಳವೆಯ ದಪ್ಪ. ಬ್ಯಾಟರಿಯ ಸಾಮರ್ಥ್ಯ ಎಂದರೆ ತೊಟ್ಟಿಯ ಗಾತ್ರ. ಸಣ್ಣ ತೊಟ್ಟಿಗೆ ದಪ್ಪ ಕೊಳವೆ ಹಾಕಿದರೆ ಬೇಗ ಬರಿದಾಗುತ್ತದೆ, ಅಷ್ಟೆ. ತೋಟದ ನೀರಿಗೆ ಸೌರ ಶಕ್ತಿ ಬೇಕೆನ್ನುವವರಿಗೆ ಬ್ಯಾಟರಿ ಇಲ್ಲದೆ ಹಗಲಲ್ಲಿ ಓಡುವ ಸೌರ ಪಂಪು ಇದೆ. 2019ರಲ್ಲಿ ಬಂದ ಪಿಎಂ ಕುಸುಮ್ ಯೋಜನೆ ಅದಕ್ಕೆ ಸಂಬಂಧಿಸಿದ್ದು.

ಹೈಬ್ರಿಡ್ ಇನ್ವರ್ಟರು ಇದ್ದವರು ಎರಡು ವಿಷಯವನ್ನು ತಾವೇ ನಿಂತು ಗೊತ್ತುಮಾಡಿಸಿಕೊಳ್ಳಬೇಕು. ಮೊದಲನೆಯದು, ಯಾವುದರ ನಂತರ ಯಾವುದು ಎಂಬ ಸರದಿ. ಮೊದಲು ಬಿಸಿಲು, ಬಳಿಕ ಲೈನು, ಲೈನು ಇಲ್ಲದಾಗ ಮಾತ್ರ ಬ್ಯಾಟರಿ ಎಂದಿಟ್ಟರೆ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ. ಬಿಲ್ಲಿನ ಚಿಂತೆ ಇಲ್ಲದ ಮನೆಗೆ ಇದೇ ಸರಿ. ಎರಡನೆಯದು, ಎಷ್ಟಕ್ಕೆ ಇಳಿದರೆ ನಿಲ್ಲಬೇಕು ಎಂಬ ಮಟ್ಟ. ಸೀಸಕ್ಕೆ ಅರ್ಧ, ಲಿಥಿಯಂಗೆ ಶೇಕಡ 15. ಫೋನಿನಲ್ಲಿ ಇದೆಲ್ಲ ಕಾಣುವ ಏರ್ಪಾಡು ಇದ್ದರೆ ಮನೆಯ ಮಕ್ಕಳಿಂದ ಕಲಿತುಕೊಳ್ಳಿ. ಇಲ್ಲದಿದ್ದರೆ ಕೆಲವು ನೂರು ರೂಪಾಯಿಯ ಟೈಮರ್ ಸ್ವಿಚ್ಚು ತೊಟ್ಟಿಯ ಪಂಪನ್ನು ಬಿಸಿಲಿನ ಹೊತ್ತಿಗೆ ನಡೆಸಿಕೊಡುತ್ತದೆ.

ಕೊಡಗು, ಸಕಲೇಶಪುರ ಕಡೆಯ ಕಾಫಿ ಬೆಳೆಗಾರ ಸದಸ್ಯರಿಗೆ ಒಂದು ಮಾತು. ನಂಜನಗೂಡಿನ ಬಯಲಿನಲ್ಲಿ ಮಳೆ ಮೇ ತಿಂಗಳಲ್ಲೂ, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಹೆಚ್ಚು. ಮಳೆ ಬಂದರೂ ಮರುದಿನ ಬಿಸಿಲು ಕಾಣುತ್ತದೆ. ನಿಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೂ ಇಲ್ಲ, ಮರ ಬಿದ್ದು ಲೈನೂ ಇಲ್ಲ. ಎರಡೂ ಒಟ್ಟಿಗೆ ಹೋಗುವ ಜಾಗದಲ್ಲಿ ಫಲಕವನ್ನು ನಂಬಿ ಕೂರಬಾರದು. ಮಳೆಗಾಲದಲ್ಲಿ ಲೈನು ಇದ್ದಾಗಲೆಲ್ಲ ಬ್ಯಾಟರಿ ತುಂಬಿಸಿಟ್ಟು, ಅಂಗಳದ ದೀಪ, ಒಂದೆರಡು ಬಲ್ಬು, ಫೋನಿಗೆ ಮಾತ್ರ ಮೀಸಲಿಡಿ.

ಎರಡು ಬಗೆಯ ಬ್ಯಾಟರಿ

ಸೀಸ ಮತ್ತು ಆಮ್ಲದ ಬ್ಯಾಟರಿ 1859ರಷ್ಟು ಹಳೆಯದು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಅದನ್ನು ಕಂಡುಹಿಡಿದರು. ಬೆಲೆ ಕಡಿಮೆ, ಎಲ್ಲ ಪೇಟೆಯಲ್ಲೂ ಸಿಗುತ್ತದೆ, ಹಳೆಯದನ್ನು ಕೊಟ್ಟರೆ ಸ್ವಲ್ಪ ಹಣವೂ ವಾಪಸು ಬರುತ್ತದೆ. ಆದರೆ ನೀರು ಹಾಕಬೇಕು, ತಳ ಮುಟ್ಟಿಸಬಾರದು, ಸೆಕೆ ಆಗದು. ಬ್ಯಾಟರಿಯ ಸುತ್ತಲಿನ ಉಷ್ಣ 25 ಡಿಗ್ರಿಗಿಂತ 10 ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಮನೆಗಳಿಗೆ ಈಗ ಬರುತ್ತಿರುವ ಲಿಥಿಯಂ ಬ್ಯಾಟರಿಗಳಲ್ಲಿ ಬಹುಪಾಲು ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಸೇರಿದ್ದು. 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದವರು ಮೂವರು: ಪಾಢಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್. ನಂಜನಗೂಡಿನ ನಂಜುಂಡೇಶ್ವರನ ಹೆಸರು ಆ ಪಟ್ಟಿಯಲ್ಲಿ ಕಂಡು ನಮಗೆ ಸಂತೋಷವೇ ಆಯಿತು. ಈ ಬ್ಯಾಟರಿ ಹಗುರ, ನೀರು ಕೇಳುವುದಿಲ್ಲ, ಬೇಗ ತುಂಬುತ್ತದೆ. ಇತರ ಲಿಥಿಯಂ ಬಗೆಗಳಿಗಿಂತ ಬೆಂಕಿಯ ಭಯ ಕಡಿಮೆ. ಆದರೆ ಸೀಸಕ್ಕೆಂದು ಮಾಡಿದ ಹಳೆಯ ಇನ್ವರ್ಟರಿಗೆ ಇದನ್ನು ಹಾಗೆಯೇ ಸಿಕ್ಕಿಸಬಾರದು. ಲಿಥಿಯಂ ಎಂದು ಗೊತ್ತುಮಾಡುವ ಅನುಕೂಲ ಇನ್ವರ್ಟರಿನಲ್ಲಿ ಇರಲೇಬೇಕು.

ಇಡುವ ಜಾಗ, ನೋಡಿಕೊಳ್ಳುವ ಕ್ರಮ

ನಮ್ಮ ಎರಡನೆಯ ತಪ್ಪನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ. ಕತ್ತಲೆಯ ಪಾಠ ಕಲಿತ ಮೇಲೆ ಸೀಸದ ಬ್ಯಾಟರಿ ತಂದೆವು. ತಂದು ಪಂಪ್‌ಹೌಸಿನ ತಗಡಿನ ಸೂರಿನ ಕೆಳಗಿಟ್ಟೆವು. ನೀರು ಕಡಿಮೆಯಾದಾಗ ಕೊಳವೆ ಬಾವಿಯ ನೀರನ್ನೇ ಸುರಿದೆವು. ಐದು ವರ್ಷ ಬಾಳಬೇಕಾದ್ದು ಎರಡನೆಯ ಬೇಸಿಗೆಗೇ ಹೋಯಿತು. ಸೆಕೆ ಒಂದು ಕಡೆ ಕೊಂದಿತು, ನೀರಿನಲ್ಲಿದ್ದ ಸುಣ್ಣ, ಉಪ್ಪು ಇನ್ನೊಂದು ಕಡೆ ಕೊಂದಿತು. ಇದರಲ್ಲಿ ಮಾರಿದವರ ತಪ್ಪು ಏನೂ ಇರಲಿಲ್ಲ.

ನೀವು ಹೀಗೆ ಮಾಡತಕ್ಕದ್ದು:

1. ಬ್ಯಾಟರಿ ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಇರಲಿ. ತುಂಬುವಾಗ ಸೀಸದ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಅಡುಗೆ ಒಲೆ, ದೇವರ ದೀಪ, ಬೀಡಿ ಹತ್ತಿರ ಬೇಡ.

2. ಹೊಳೆ ದಂಡೆಯವರು ಎತ್ತರದಲ್ಲಿ ಇಡಬೇಕು. 2018 ಮತ್ತು 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡು-ಮೈಸೂರು ರಸ್ತೆಯನ್ನೇ ಮುಳುಗಿಸಿದ್ದು ಮರೆಯುವಂಥದಲ್ಲ. ಆಗ ನಿಮ್ಮ ಗೋಡೆಯ ಮೇಲೆ ನೀರು ಎಲ್ಲಿಗೆ ಬಂದಿತ್ತೋ ಅದಕ್ಕಿಂತ ಮೇಲೆ ಬ್ಯಾಟರಿ, ಇನ್ವರ್ಟರು ಎರಡೂ ಇರಲಿ.

3. ಸೀಸದ ಬ್ಯಾಟರಿಗೆ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಮಾತ್ರ. ಆಮ್ಲವನ್ನು ಎಂದೂ ಸೇರಿಸಬಾರದು. ತಿಂಗಳಿಗೊಮ್ಮೆ ಮಟ್ಟ ನೋಡಿ, ಟರ್ಮಿನಲ್ಲಿನ ಹಸಿರು ಕಿಲುಬು ಒರೆಸಿ, ವ್ಯಾಸಲೀನ್ ಸವರಿ.

4. ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಸೀಸದ ಬ್ಯಾಟರಿ ತುಂಬಿದಾಗ ಸುಮಾರು 12.7 ವೋಲ್ಟ್, ಅರ್ಧಕ್ಕೆ 12.2 ತೋರಿಸುತ್ತದೆ. ಮೀಟರು ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಪೂರ್ತಿ ತುಂಬಲು ಬಿಡಿ.

5. ಹಳೆಯದೊಂದು, ಹೊಸದೊಂದು ಬ್ಯಾಟರಿಯನ್ನು ಜೊತೆ ಮಾಡಬೇಡಿ. ಮುದಿ ಎತ್ತಿನ ಜೊತೆ ಹೋರಿ ಕಟ್ಟಿದಂತೆ ಎರಡೂ ಕೆಡುತ್ತವೆ.

6. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮುನ್ನ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಫಲಕದ ಚೌಕಟ್ಟಿಗೂ ಅರ್ಥಿಂಗ್ ಇರಬೇಕು.

7. ಫಲಕದ ಧೂಳನ್ನು ಎರಡು ವಾರಕ್ಕೊಮ್ಮೆ ಬೆಳಗಿನ ತಂಪು ಹೊತ್ತಿನಲ್ಲಿ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ.

ಹಣ ಕೊಡುವ ಮುನ್ನ

ಬ್ಯಾಟರಿ ಇಟ್ಟ ಸೌರ ದೀಪ ಕರ್ನಾಟಕದ ಹಳ್ಳಿಗೆ ಹೊಸದಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಬ್ಯಾಂಕ್ ಸಾಲದ ಏರ್ಪಾಡಿನೊಡನೆ ಬಡವರ ಮನೆಗೂ ಅದನ್ನು ಒಯ್ದಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಕೆಲಸದಿಂದ ನಾವು ಕಲಿಯುವುದು ಇಷ್ಟು: ಮನೆಯ ಅಗತ್ಯಕ್ಕೆ ತಕ್ಕ ಅಳತೆ, ವರಮಾನಕ್ಕೆ ತಕ್ಕ ಕಂತು, ಕೆಟ್ಟಾಗ ಹತ್ತಿರದಲ್ಲೇ ರಿಪೇರಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸಾಲ ಮಾತ್ರ ಉಳಿಯುತ್ತದೆ.

ಮಾರುವವರನ್ನು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಲೈನು ಹೋದಾಗ ಈ ಏರ್ಪಾಡು ದೀಪ ಕೊಡುತ್ತದೆಯೆ, ಯಾವ ಯಾವ ದೀಪ? ಬ್ಯಾಟರಿಯ ಖಾತರಿ ಎಷ್ಟು ವರ್ಷ, ಅದರಲ್ಲಿ ಪೂರ್ತಿ ಬದಲಿ ಎಷ್ಟು, ರಿಯಾಯಿತಿ ಎಷ್ಟು? ಕೆಟ್ಟರೆ ನಂಜನಗೂಡಿಗೋ ತಿ. ನರಸೀಪುರಕ್ಕೋ ಬಂದು ಸರಿಮಾಡುವವರು ಯಾರು, ಎಷ್ಟು ದಿನದಲ್ಲಿ? ನೆಟ್ ಮೀಟರಿಗೆ ಅರ್ಜಿ ಹಾಕಿದರೆ ನಿಮ್ಮ ಗೃಹಜ್ಯೋತಿಯ ಉಚಿತ ಯೂನಿಟ್ಟಿನ ಗತಿ ಏನು ಎಂಬುದನ್ನು ಸೆಸ್ಕ್ ಉಪವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಅಡಿಕೆ ಧಾರಣೆ ಏರಿದ ವರ್ಷದ ಉತ್ಸಾಹದಲ್ಲಿ ದೊಡ್ಡ ಕಂತು ಒಪ್ಪಿಕೊಳ್ಳಬೇಡಿ. ಧಾರಣೆ ಇಳಿದ ವರ್ಷವೂ ಕಂತು ಇಳಿಯುವುದಿಲ್ಲ.

ಈ ವಾರದ ಅಭ್ಯಾಸ

ಪಾಠ ಓದಿ ಮಡಿಸಿಟ್ಟರೆ ಪ್ರಯೋಜನವಿಲ್ಲ. ಏಳು ದಿನ ಈ ಕೆಲಸ ಮಾಡಿ. ಸಂಜೆ ಆರಕ್ಕೆ ಮೀಟರು ನೋಡಿ ಬರೆದಿಡಿ. ಬೆಳಗ್ಗೆ ಆರಕ್ಕೆ ಮತ್ತೆ ಬರೆದಿಡಿ. ಎರಡರ ವ್ಯತ್ಯಾಸ ನಿಮ್ಮ ರಾತ್ರಿಯ ಬಳಕೆ. ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಮನೆಯ ಪ್ರತಿ ಬಲ್ಬಿನ, ಫ್ಯಾನಿನ ವಾಟ್ ಪಟ್ಟಿ ಮಾಡಿ. ಕತ್ತಲೆಯಲ್ಲಿ ಯಾವ ದೀಪ ಆರಲೇಬಾರದು ಎಂಬುದನ್ನು ಮನೆಯ ಹೆಣ್ಣುಮಕ್ಕಳನ್ನು ಕೇಳಿ, ಅದರ ಮುಂದೆ ಗುರುತು ಹಾಕಿ. ಕತ್ತಲೆಯಲ್ಲಿ ಕೊಟ್ಟಿಗೆಗೆ ಹೋಗುವವರು ಹೆಚ್ಚಾಗಿ ಅವರೇ.

ರಾತ್ರಿಗೆ ಕರೆಂಟು ಹೋಗುವುದು ಒಂದೋ ಎರಡೋ ಗಂಟೆ ಮಾತ್ರ ಎಂದು ಆ ಹಾಳೆ ಹೇಳಿದರೆ, ನಾವು ಮೇಲೆ ಲೆಕ್ಕ ಹಾಕಿದ ಬ್ಯಾಟರಿಯ ಕಾಲು ಭಾಗ ನಿಮಗೆ ಸಾಕು. ಕರೆಂಟು ಹೋಗುವುದೇ ಅಪರೂಪ ಎಂದು ಹೇಳಿದರೆ ಬ್ಯಾಟರಿ ಬೇಡವೇ ಬೇಡ, ಆ ಹಣ ಹನಿ ನೀರಾವರಿಗೋ ಗೊಬ್ಬರಕ್ಕೋ ಹೋಗಲಿ. ರಾತ್ರಿಯೆಲ್ಲ ಕತ್ತಲೆ ಎಂದು ಹೇಳಿದರೆ ತಡಮಾಡಬೇಡಿ, ಅಂಗಳದ ದೀಪದಿಂದಲೇ ಆರಂಭಿಸಿ. ಹಾಳೆಯನ್ನು ಸಂಘಕ್ಕೆ ಬರುವಾಗ ತನ್ನಿ. ಕುಳಿತು ಒಟ್ಟಿಗೆ ಲೆಕ್ಕ ಹಾಕೋಣ.